ನಿಮ್ಮಿಂದ ಒಂದು ಉಪಕಾರ ಆಗಬೇಕು

ನಮ್ಮೂರಿನಲ್ಲಿ ನಮ್ಮ ಮಾವನಷ್ಟು ನಾಚಿಕೆಯಿಲ್ಲದೆ ಕೇಳುವ ಮನುಷ್ಯ ಇನ್ನೊಬ್ಬರಿಲ್ಲ. ದುಡ್ಡು ಕೇಳುವುದಿಲ್ಲ, ಅದಕ್ಕೆ ನಾಚಿಕೊಳ್ಳುತ್ತಾರೆ. ಉಳಿದದ್ದೆಲ್ಲ ಕೇಳುತ್ತಾರೆ. ಅದೂ ಯಾರ ಹತ್ತಿರ? ಹಾಸಿಗೆ ಹಿಡಿದು ಮಲಗಿದವರ ಹತ್ತಿರ. ಅವರ ತಲೆದೆಸೆಗೆ ಒಂದು ಸ್ಟೂಲು ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡು, ನಿಮ್ಮಿಂದ ಒಂದು ಉಪಕಾರ ಆಗಬೇಕಿತ್ತಲ್ಲ ಎಂದು ಶುರು ಮಾಡುತ್ತಾರೆ. ಹೊಸಬರು ನೋಡಿದರೆ ಈ ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಕು. ಸೊಸೆಯಾಗಿ ಬಂದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ.

ಮಾವನದು ಕುಶನ್ ಅಂಗಡಿ. ಸೋಫಾ, ಕುರ್ಚಿ, ಬಸ್ಸಿನ ಸೀಟು, ಹಾಸಿಗೆ, ಹೀಗೆ ಕೂರುವ ಮಲಗುವ ಸಕಲ ವಸ್ತುಗಳ ಹೊಟ್ಟೆ ಬಿಚ್ಚಿ, ಮತ್ತೆ ತುಂಬಿ, ಹೊಲಿದು ಕೊಡುವ ಕೆಲಸ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದಷ್ಟು ಇಕ್ಕಟ್ಟಿನ ಮೆಟ್ಟಿಲು. ಕಿವಿಯ ಸಂದಿಯಲ್ಲಿ ಗುರುತು ಹಾಕುವ ಸೀಮೆಸುಣ್ಣ, ಕತ್ತಿನಲ್ಲಿ ಟೇಪು, ಅಂಗಿಯ ಜೇಬಿಗೆ ಅಡ್ಡಲಾಗಿ ಚುಚ್ಚಿದ ಗೇಣುದ್ದದ ದಬ್ಬಳ. ಹಾಸಿಗೆಯ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹುರಿ ದಾಟಿಸುವ ಸೂಜಿ ಅದು. ಭಾನುವಾರ ಚರ್ಚಿನ ಪೂಜೆಗೂ ಅದನ್ನು ಚುಚ್ಚಿಕೊಂಡೇ ಹೋಗುತ್ತಿದ್ದರು. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಕೋರುವಾಗ ಅಪ್ಪಿಕೊಳ್ಳಲು ಬಂದವರು ಒಮ್ಮೆ ಚುಚ್ಚಿಸಿಕೊಂಡರೆ ಮುಂದಿನ ವಾರದಿಂದ ದೂರದಿಂದಲೇ ಕೈ ಮುಗಿಯುತ್ತಿದ್ದರು. ಹಾಗಾಗಿ ಊರಿಗೆಲ್ಲ ಅವರು ದಬ್ಬಳದಣ್ಣ.

ನಮ್ಮ ಚರ್ಚಿನಲ್ಲಿ ಗಂಡಸರದೊಂದು ಸಂಘವಿದೆ. ಒಬ್ಬರನ್ನೊಬ್ಬರು ಸೋದರ ಎಂದು ಕರೆಯಬೇಕು, ಸಭೆಗೆ ಬರುವಾಗ ಹೆಗಲಿಗೆ ನೀಲಿ ಪಟ್ಟಿ ಹಾಕಿಕೊಳ್ಳಬೇಕು, ಮೊದಲು ಪ್ರಾರ್ಥನೆ, ಆಮೇಲೆ ಟೀ, ಟೀ ಮುಗಿದ ಮೇಲೆ ಜಗಳ. ಇಷ್ಟರ ನಡುವೆ ಅವರು ಮಾಡುವ ಕೆಲಸ ಮಾತ್ರ ಕಡಿಮೆಯೇನಲ್ಲ. ಸೋರುವ ಸೂರು ಸರಿಮಾಡಿಕೊಡುತ್ತಾರೆ, ಶಾಲೆಯ ಮಕ್ಕಳಿಗೆ ಬೂಟು ಹಂಚುತ್ತಾರೆ, ಯಾರೂ ಇಲ್ಲದವರ ಶವಪೆಟ್ಟಿಗೆಗೆ ಹೆಗಲು ಕೊಡುತ್ತಾರೆ. ಮಾವನ ಪಾಲಿಗೆ ಬಂದದ್ದು ಮಂಚದ ವಿಭಾಗ. ಆಸ್ಪತ್ರೆಯವರು ಬೇಡವೆಂದು ಎಸೆಯುವ, ಹಿಡಿಕೆ ತಿರುಗಿಸಿದರೆ ತಲೆಯ ಕಡೆ ಮೇಲೇಳುವ ಕಬ್ಬಿಣದ ಮಂಚಗಳನ್ನು ತಂದು, ಬಣ್ಣ ಬಳಿದು, ಹೊಸ ಹಾಸಿಗೆ ಹೊಲಿದು, ಚರ್ಚಿನ ಹಿಂದಿನ ಶೆಡ್ಡಿನಲ್ಲಿ ಇಡುತ್ತಾರೆ. ಕಾಯಿಲೆಯವರಿಗೆ ಬೇಕಾದಷ್ಟು ದಿನ ಎರವಲು. ಯಾವ ಚರ್ಚಿಗೆ ಹೋಗುತ್ತೀರಿ, ಹೋಗುತ್ತೀರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಉಪಕಾರ ಕೇಳುವ ಚಟ ಅಂಟಿಕೊಂಡದ್ದು ಮೊಟ್ಟಮೊದಲ ಮಂಚದಿಂದ. ನಾನು ಆಗಿನ್ನೂ ಈ ಮನೆಗೆ ಬಂದಿರಲಿಲ್ಲ. ಆದರೆ ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಆ ಮಂಚದ ಒಂದು ಕಾಲು ನಾನೇ ಹಿಡಿದಿದ್ದೆನೇನೋ ಅನ್ನಿಸುತ್ತದೆ. ಲಾರಿ ಓಡಿಸುತ್ತಿದ್ದ ಡ್ರೈವರಣ್ಣನಿಗೆ ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಗಿತ್ತು. ಸಂಘದ ಅಧ್ಯಕ್ಷರಾದ ಬೇಕರಿ ಅಣ್ಣನ ವ್ಯಾನಿನಲ್ಲಿ ಮಂಚ ಹೇರಿಕೊಂಡು, ನೀಲಿ ಪಟ್ಟಿ ಹಾಕಿಕೊಂಡು, ಸೋದರರು ದೊಡ್ಡ ಠೀವಿಯಲ್ಲಿ ಹೋದರು. ಕಿಟಕಿಯ ಪಕ್ಕ ಮಲಗಿದ್ದ ಡ್ರೈವರಣ್ಣ, ನಾನೇನು ನಿಮ್ಮನ್ನು ಬೇಡಿದ್ದೆನಾ, ಎತ್ತಿಕೊಂಡು ನಡೆಯಿರಿ ಎಂದು ಗದರಿಸಿ ಕಳಿಸಿಬಿಟ್ಟರು. ಸೋದರರು ಮುಖ ಸಪ್ಪೆ ಮಾಡಿಕೊಂಡು ಮಂಚವನ್ನು ಮತ್ತೆ ವ್ಯಾನಿಗೆ ಹೇರಿದರು.

ಆದರೆ ವ್ಯಾನು ಆ ಓಣಿಯಿಂದ ಹಿಂದಕ್ಕೆ ಬರಲೊಲ್ಲದು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಯಾರೋ ಆಗಷ್ಟೇ ಬಣ್ಣ ಬಳಿಸಿದ ಗೋಡೆ. ಬೇಕರಿ ಅಣ್ಣನಿಗೆ ಒಲೆಯಲ್ಲಿ ಬನ್ನು ತಿರುಗಿಸಿ ಗೊತ್ತೇ ಹೊರತು ಓಣಿಯಲ್ಲಿ ವ್ಯಾನು ತಿರುಗಿಸಿ ಗೊತ್ತಿಲ್ಲ. ಹಿಂದೆ ನಿಂತ ಸೋದರರಲ್ಲಿ ಅರ್ಧ ಜನ ಎಡಕ್ಕೆ ಎಂದರೆ ಅರ್ಧ ಜನ ಬಲಕ್ಕೆ ಎನ್ನುತ್ತಿದ್ದರು. ಕಡೆಗೆ ಮಾವ ಬೆವರು ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ಹೋಗಿ, "ಅಣ್ಣಾ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಈ ಗಾಡಿನ ಇಲ್ಲಿಂದ ಈಚೆಗೆ ತೆಗೆಸಿಕೊಡಿ" ಎಂದರು.

ಡ್ರೈವರಣ್ಣ ಕತ್ತು ಹೊರಳಿಸಿ ವ್ಯಾನಿನ ಚಕ್ರ ನೋಡಿದರು. ಆಮೇಲೆ ಬೆನ್ನಿಗೆ ಇನ್ನೊಂದು ದಿಂಬು ಕೊಡಿಸಿಕೊಂಡು, ತೊದಲುವ ನಾಲಿಗೆಯಲ್ಲೇ ಒಂದೊಂದೇ ಮಾತು ಹೇಳಿ, ನಡುನಡುವೆ ಬೇಕರಿ ಅಣ್ಣನ ಜನ್ಮ ಜಾಲಾಡಿ, ವ್ಯಾನನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಸಿದರು. ಆಮೇಲೆ ಅವರೇ ಹೇಳಿದರಂತೆ, ಆ ಮಂಚ ಒಳಗೆ ತನ್ನಿ, ದಿಂಬು ಸಾಲುವುದಿಲ್ಲ, ರಸ್ತೆ ಪೂರ್ತಿ ಕಾಣುವುದಿಲ್ಲ ಎಂದು.

ಅಂದಿನಿಂದ ಸಂಘದಲ್ಲಿ ಇದೊಂದು ಪದ್ಧತಿಯಾಯಿತು. ಮಂಚ ಕೊಟ್ಟ ಮನೆಯಿಂದ ಬರಿಗೈಯಲ್ಲಿ ಬರಬಾರದು. ಮಲಗಿದವರ ಹತ್ತಿರ ಒಂದು ಉಪಕಾರ ಕೇಳಿಯೇ ಬರಬೇಕು. ಅದೂ ಬಾಯಿಮಾತಿನ ಉಪಕಾರವಲ್ಲ, ನಮಗೆ ನಿಜವಾಗಿ ಬೇಕಾದದ್ದೇ ಆಗಬೇಕು. ಹೊಸದಾಗಿ ಬಂದ ಫಾದರ್‌ಗೆ ಇದು ಸರಿಬರಲಿಲ್ಲ. ಕೊಟ್ಟು ಮತ್ತೆ ಕೇಳುವುದು ಯಾವ ಸೀಮೆಯ ದಾನ ಎಂದರು. ಮಾವ ತಲೆ ಕೆರೆದುಕೊಂಡು, ಬೈಬಲಿನಲ್ಲಿ ಸ್ವಾಮಿ ಬಾವಿಕಟ್ಟೆಯ ಮೇಲೆ ಕೂತಾಗ ನೀರು ಸೇದಲು ಬಂದ ಆ ಹೆಂಗಸಿಗೆ ಏನನ್ನಾದರೂ ಕೊಡುವ ಮೊದಲು ಕುಡಿಯಲು ನೀರು ಕೇಳಿದರಲ್ಲವೇ ಫಾದರ್ ಎಂದರು. ಮುಂದಿನ ಭಾನುವಾರ ಫಾದರ್ ಮಾಡಿದ ಪ್ರಸಂಗದಲ್ಲಿ ಅದೇ ಮಾತು ಬಂತು. ಮಾವನ ಸುದ್ದಿ ಮಾತ್ರ ಬರಲಿಲ್ಲ.

ಬೆನ್ನುಮೂಳೆಗೆ ಏಟಾದ ಕ್ಷೌರಿಕರೊಬ್ಬರು ಮಂಚದ ತಲೆಭಾಗ ಎತ್ತರಿಸಿಕೊಂಡು ಒರಗಿ ಕೂತು ಸೋದರರಿಗೆ ಗಡ್ಡ ಹೆರೆದುಕೊಟ್ಟರು. ಕೈಗೆ ಎಟುಕಬೇಕಲ್ಲ, ಅದಕ್ಕೆ ಸೋದರರು ಮಂಚದ ಪಕ್ಕ ಮೊಣಕಾಲೂರಬೇಕು. ನಮ್ಮ ಸೋದರರು ಪೀಠದ ಮುಂದೆ ಇಷ್ಟು ಹೊತ್ತು ಮೊಣಕಾಲೂರಿದ್ದನ್ನು ನಾನು ಕಂಡಿಲ್ಲ ಎಂದು ಫಾದರ್ ನಗುತ್ತಿದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ಎರಡೂ ಕಾಲು ಸೋತ ಒಬ್ಬ ಅಜ್ಜಿಯ ಹತ್ತಿರ. ಅವರ ಕೈ ನಡುಗುತ್ತಿತ್ತು, ಕಣ್ಣು ಮಂಜು. ಇವರ ಹತ್ತಿರ ಏನು ಕೇಳುವುದು ಎಂದು ಯಾರಿಗೂ ತೋಚಲಿಲ್ಲ. ಅಷ್ಟರಲ್ಲಿ ಅಜ್ಜಿ, ಬೂಟು ಕಳಚದೆ ಒಳಗೆ ಬಂದಿರಿ ಎಂದು ಎಲ್ಲರನ್ನೂ ಹಿಗ್ಗಾಮುಗ್ಗಾ ಬೈಯಲು ಶುರು ಮಾಡಿದರು. ಮಾವನ ಮುಖ ಅರಳಿತು. ಸರದಿಯ ಕೆಲಸವಿದ್ದ ಬೆಳಿಗ್ಗೆ ಸೋದರರು ಹೊದ್ದು ಮಲಗಿಬಿಡುವುದು ಸಂಘದ ಹಳೆಯ ರೋಗ. ದೊಡ್ಡ ಗುಂಡಿಗಳ ಒಂದು ಫೋನನ್ನು ಅಜ್ಜಿಯ ಕೈಗೆ ಕೊಟ್ಟು, ದಿನಾ ಬೆಳಿಗ್ಗೆ ಇವರನ್ನು ಬೈದು ಎಬ್ಬಿಸುವ ಉಪಕಾರ ಮಾಡಬೇಕು ಎಂದರು. ಅವತ್ತಿನಿಂದ ಅವರು ಅಲಾರಾಂ ಅಜ್ಜಿ. ಅವರು ಫೋನು ಮಾಡಿದರೆ ಆ ಸೋದರನಷ್ಟೇ ಅಲ್ಲ, ಪಕ್ಕದ ಮನೆಯವರೂ ಏಳುತ್ತಾರೆ.

ಇಷ್ಟು ಹೊಗಳಿದವಳು ನನ್ನ ಹೊಟ್ಟೆಯುರಿಯನ್ನೂ ಹೇಳುತ್ತೇನೆ. ಊರಿಗೆಲ್ಲ ಕೈ ಚಾಚುತ್ತಿದ್ದ ಮಾವ ನನ್ನ ಹತ್ತಿರ ಮಾತ್ರ ಏನನ್ನೂ ಕೇಳುತ್ತಿರಲಿಲ್ಲ. ನಾನು ಕಾನ್ವೆಂಟಿನವರು ನಡೆಸುವ ಅನಾಥಾಲಯದಲ್ಲಿ ಬೆಳೆದವಳು. ಯಾರೋ ಕೊಟ್ಟ ಕೋಟು, ಯಾರೋ ಕೊಟ್ಟ ಬೂಟು, ಯಾರೋ ಕೊಟ್ಟ ಬಿಸ್ಕತ್ತು. ಕೊಟ್ಟವರ ಪಕ್ಕ ನಿಂತು ಫೋಟೋಗೆ ನಕ್ಕು ನಕ್ಕು ನನ್ನ ಕೆನ್ನೆ ನೋಯುತ್ತಿತ್ತು. ಮದುವೆಯಾಗಿ ಒಂದೇ ಚೀಲ ಹಿಡಿದು ಈ ಮನೆಗೆ ಬಂದಾಗ, ಇನ್ನು ಕೈತುಂಬ ಕೆಲಸ ಮಾಡಿ ಇದು ನನ್ನ ಮನೆ ಎನ್ನುವ ಹಾಗೆ ಇರುತ್ತೇನೆ ಅಂದುಕೊಂಡೆ. ಅತ್ತೆ ಇರುವವರೆಗೆ ಅಡುಗೆಮನೆಯಲ್ಲಿ ಜಗಳವಾಡಲಾದರೂ ಜಾಗವಿತ್ತು. ಅವರು ತೀರಿಹೋದ ಮೇಲೆ, ರೈಲಿನ ಗಾರ್ಡಾದ ನನ್ನ ಗಂಡ ಹಳಿಯ ಮೇಲೇ ಇರುವ ದಿನಗಳಲ್ಲಿ, ನಾನು ಅಂಗಡಿಗಿಳಿದು ಕತ್ತರಿ ಮುಟ್ಟಿದರೆ ಸಾಕು, "ನಿನಗ್ಯಾಕಮ್ಮ ಈ ಧೂಳು? ಚಿಕ್ಕಂದಿನಿಂದ ಕಷ್ಟ ಪಟ್ಟಿದೀಯ. ಹೋಗು, ಆರಾಮಾಗಿರು" ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಅದಕ್ಕೇ ಕತ್ತರಿ ಕೆಳಗಿಡುತ್ತಿದ್ದೆ. ನಾನು ಮೆಟ್ಟಿಲ ಮೇಲೆ ಕೂತು ಅವರ ಕೈಕೆಲಸ ನೋಡುತ್ತಿದ್ದೆ, ಮನೆಗೆ ಬಂದ ನೆಂಟರ ಹಾಗೆ.

ಹೀಗಿರುವಾಗ ಒಂದು ದಿನ ಅಟ್ಟದ ಮೇಲಿನ ಸ್ಪಂಜು ಇಳಿಸಲು ಹೋಗಿ ಮಾವ ಸ್ಟೂಲಿನಿಂದ ಜಾರಿದರು. ಅಂಗಡಿಯ ತುಂಬ ಹಾಸಿಗೆ, ದಿಂಬು, ಸ್ಪಂಜಿನ ರಾಶಿ. ಅವರು ಬಿದ್ದದ್ದು ಮಾತ್ರ ಬರಿ ನೆಲದ ಮೇಲೆ. ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಒಳಗೆ ಸರಳು ಹಾಕಿ ಕೂಡಿಸಿ ಕಳಿಸಿದರು.

ಸೋದರರು ಶೆಡ್ಡಿನಲ್ಲಿದ್ದ ಅತ್ಯುತ್ತಮ ಮಂಚವನ್ನು ಹೊತ್ತು ತಂದರು. ಹಾಸಿಗೆ ಮಾವನೇ ಹೊಲಿದದ್ದು. ನಮ್ಮ ಮೆಟ್ಟಿಲಿನಲ್ಲಿ ಆ ಮಂಚ ಹತ್ತಿಸುವಷ್ಟರಲ್ಲಿ ಎಲ್ಲರ ಗೆಣ್ಣೂ ತರಚಿತ್ತು. ಮಾವನನ್ನು ಅದರ ಮೇಲೆ ಮಲಗಿಸಿದಾಗ ಬೇಕರಿ ಅಣ್ಣ ಅತ್ತೇಬಿಟ್ಟರು. ಮಾವನ ಕೈ ಹಿಡಿದುಕೊಂಡು, "ನೀವು ಮಾಡಿದ್ದು ಒಂದು ಜನ್ಮಕ್ಕಾಗೋಷ್ಟಾಯ್ತು ಅಣ್ಣ. ಇನ್ನು ಆರಾಮಾಗಿರಿ" ಎಂದರು. ಉಳಿದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿ, ಪ್ರಾರ್ಥನೆ ಹೇಳಿ, ಸದ್ದಾಗದಂತೆ ಒಬ್ಬೊಬ್ಬರಾಗಿ ಇಳಿದುಹೋದರು.

ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ. ಕೊಟ್ಟರೆ ತಿನ್ನುವುದು, ಇಲ್ಲದಿದ್ದರೆ ಇಲ್ಲ. ನಡೆಯಲು ಕೊಟ್ಟಿದ್ದ ನಾಲ್ಕು ಕಾಲಿನ ವಾಕರ್ ಟವೆಲು ಒಣಗಿಸುವ ಸ್ಟ್ಯಾಂಡಾಯಿತು. ವ್ಯಾಯಾಮ ಮಾಡಿಸಲು ಬರುವ ಫಿಸಿಯೋ ಹುಡುಗಿ, ತಾತ ಒಂದು ಸಲ ನಿಲ್ಲಿ ಎಂದು ಮುದ್ದು ಮಾಡಿ ನೋಡಿದಳು, ಗದರಿಸಿ ನೋಡಿದಳು. ಕಡೆಗೆ ನನ್ನನ್ನು ಬಾಗಿಲಾಚೆ ಕರೆದು ಹೇಳಿದಳು. ಮೂಳೆ ಚೆನ್ನಾಗಿ ಕೂಡಿದೆ, ನೋವೂ ಅಷ್ಟಿರಲಾರದು, ಆದರೆ ಈಗ ನಿಲ್ಲದಿದ್ದರೆ ಕಾಲಿನ ಶಕ್ತಿಯೇ ಹೋಗಿಬಿಡುತ್ತದೆ, ಆಮೇಲೆ ಇವರು ಈ ಮಂಚ ಬಿಟ್ಟು ಏಳುವುದಿಲ್ಲ ಎಂದು.

ಮಾರನೆಯ ಬೆಳಿಗ್ಗೆ ಅಲಾರಾಂ ಅಜ್ಜಿಯ ಫೋನು ಬಂತು. ದಬ್ಬಳದವನು ಎದ್ದನಾ ಎಂದು ಕೇಳಿದರು. ಇಲ್ಲ ಎಂದೆ, ಎಲ್ಲವನ್ನೂ ಹೇಳಿಕೊಂಡೆ. ಅಜ್ಜಿ ಅಪರೂಪಕ್ಕೆ ಬೈಯದೆ ಕೇಳಿಸಿಕೊಂಡು, "ಮಂಚ ಕೊಟ್ಟು ಹೋಗೋವಾಗ ಅವನ ಹತ್ರ ಏನು ಉಪಕಾರ ಕೇಳಿದ್ರು?" ಎಂದರು.

"ಏನೂ ಕೇಳಲಿಲ್ಲ ಅಜ್ಜಿ. ಆರಾಮಾಗಿರಿ ಅಂದ್ರು."

"ಹಂಗಾದ್ರೆ ಮತ್ತೆ ಅವನು ಯಾತಕ್ಕೆ ಏಳಬೇಕು?"

ಆರಾಮಾಗಿರು ಎನ್ನುವ ಮಾತು ಎಲ್ಲಿ ಚುಚ್ಚುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅದನ್ನು ಇಷ್ಟು ದಿನ ಮಾವನ ಬಾಯಿಂದ ಕೇಳಿದವಳು ನಾನು. ಅದೇ ಮಾತು ಮಾವನಿಗೆ ಬಿದ್ದಾಗ ಪಕ್ಕದಲ್ಲೇ ನಿಂತಿದ್ದರೂ ನನಗೆ ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು. ಸೀದಾ ಬೇಕರಿಗೆ ಹೋಗಿ ಬೇಕರಿ ಅಣ್ಣನನ್ನು ಗಿರಾಕಿಗಳ ಮುಂದೆಯೇ ತರಾಟೆಗೆ ತೆಗೆದುಕೊಂಡೆ. ಹಿಟ್ಟಿನ ಕೈಯನ್ನು ತಲೆಯ ಮೇಲೆ ಹೊತ್ತುಕೊಂಡು, ಅಯ್ಯೋ ನಮ್ಮ ಬುದ್ಧಿಗಿಷ್ಟು ಎಂದರು ಪಾಪ.

ಸಂಜೆಯೇ ಸೋದರರು ಬಂದರು, ನೀಲಿ ಪಟ್ಟಿ ಹಾಕಿಕೊಂಡು. ಬೇಕರಿ ಅಣ್ಣ ಸ್ಟೂಲು ಎಳೆದುಕೊಂಡು ಕೂತು, ನಿಮ್ಮಿಂದ ಒಂದು ಉಪಕಾರ ಆಗಬೇಕು, ಸಂಘಕ್ಕೆ ನೀವು ಗೌರವ ಸಲಹೆಗಾರರಾಗಬೇಕು ಎಂದರು. ಮಾವ ಬಹಳ ದಿನಗಳ ಮೇಲೆ ಬಾಯಿ ಬಿಟ್ಟರು.

"ಅದರ ಬದಲು ನನ್ನದೊಂದು ಫೋಟೋ ತೆಗೆಸಿ ಶೆಡ್ಡಿನ ಗೋಡೆಗೆ ಹಾಕಿಬಿಡಿ."

ಸುಳ್ಳು ಉಪಕಾರವನ್ನು ಮೂರು ಮೈಲಿಯಿಂದ ಮೂಸಿ ಕಂಡುಹಿಡಿಯುವ ಮನುಷ್ಯನ ಮುಂದೆ ಇದೆಲ್ಲ ನಡೆಯುತ್ತದೆಯೇ? ಸೋದರರು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿದರು. ಮಾವ ಮತ್ತೆ ಗೋಡೆಯ ಕಡೆ ತಿರುಗಿದರು.

ಮರುದಿನ ಅಜ್ಜಿ ಮತ್ತೆ ಫೋನು ಮಾಡಿದರು, ಈ ಸಲ ದನಿ ತಗ್ಗಿಸಿ. ಅವರ ಮಂಚದ ಹಾಸಿಗೆ ನಡುವೆ ಕುಸಿದು ಕೆಳಗಿನ ಕಬ್ಬಿಣದ ಪಟ್ಟಿ ಒತ್ತುತ್ತಿತ್ತು. ಬೆನ್ನಿನಲ್ಲಿ ಹುಣ್ಣು ಕಾಣಿಸಿಕೊಂಡಿತ್ತು. ಅವನು ಬಿದ್ದಿರುವಾಗ ಇದನ್ನು ಅವನ ಕಿವಿಗೆ ಹಾಕಬೇಡ, ನೀನೇ ಏನಾದರೂ ಮಾಡಿಕೊಡು ತಾಯಿ ಎಂದರು.

ಇದು ಯಾರೂ ಹೂಡಿದ ಆಟವಾಗಿರಲಿಲ್ಲ. ಬೇಕರಿಯ ವ್ಯಾನಿನಲ್ಲಿ ಹಾಸಿಗೆ ತರಿಸಿದೆ. ಅಜ್ಜಿಯನ್ನು ಸೋದರರು ಮಡಿಸಿದ ಕಂಬಳಿಗಳ ಮೇಲೆ ಮಲಗಿಸಿ ಬಂದಿದ್ದರು, ಸಂಜೆಯೊಳಗೆ ಹಾಸಿಗೆ ಹಿಂದಕ್ಕೆ ಹೋಗಲೇಬೇಕಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಮೆಟ್ಟಿಲ ಮೇಲಿಂದ ಇಷ್ಟು ವರ್ಷ ಕದ್ದು ನೋಡಿದ್ದನ್ನೆಲ್ಲ ನೆನಪಿಸಿಕೊಂಡು ಕೂತೆ. ಹಳೆಯ ಹೊದಿಕೆ ಬಿಚ್ಚಿದೆ, ಗಂಟುಕಟ್ಟಿದ ನಾರು ತೆಗೆದು ಹೊಸದು ತುಂಬಿದೆ, ಅಂಚು ಹೊಲಿದೆ. ಅಲ್ಲಿಯವರೆಗೆ ಭೇಷಾಗಿತ್ತು. ತುಂಬಿದ್ದು ಅಲ್ಲಾಡದಂತೆ ಆ ಮಗ್ಗುಲಿಂದ ಈ ಮಗ್ಗುಲಿಗೆ ಹುರಿ ಹಾಯಿಸಿ, ಎರಡೂ ಕಡೆ ಗುಂಡಿ ಕೂರಿಸಿ ಬಿಗಿಯಬೇಕು ನೋಡಿ, ಅಲ್ಲಿ ನನ್ನ ಬಣ್ಣ ಬಯಲಾಯಿತು. ಈಚೆ ಬಿಗಿದರೆ ಆಚೆ ಸಡಿಲ, ಆಚೆ ಓಡಿಹೋಗಿ ಎಳೆದರೆ ಈಚೆಯ ಗುಂಡಿ ಬಟ್ಟೆ ಹರಿದುಕೊಂಡು ಒಳಗೆ. ಮಧ್ಯಾಹ್ನದ ಹೊತ್ತಿಗೆ ಅದು ಹಾಸಿಗೆಯಾಗಿ ಉಳಿದಿರಲಿಲ್ಲ, ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ. ಅದರ ಮೇಲೆ ಹುಣ್ಣಿನ ಬೆನ್ನು ಮಲಗಬೇಕು ಎನ್ನುವುದನ್ನು ನೆನೆದು ನನಗೆ ಅಳು ಬಂತು.

ಕೈ ಚೆಲ್ಲಿ ಕೂತರೆ ಆಗುತ್ತದೆಯೇ? ಹಾಸಿಗೆಯನ್ನು ಮೆಟ್ಟಿಲ ಮೇಲೆ ದರದರ ಎಳೆದುಕೊಂಡು ಹೋಗಿ ಮಾವನ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದೆ. ಕೂದಲೆಲ್ಲ ನಾರು, ಕಣ್ಣೆಲ್ಲ ನೀರು.

"ಮಾವ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಅಜ್ಜಿಗೆ ಬೆನ್ನು ಹುಣ್ಣಾಗಿದೆ. ನಾನು ಹಾಸಿಗೆ ಹಾಳು ಮಾಡಿಬಿಟ್ಟೆ."

ಮಾವ ಗೋಡೆಯಿಂದ ಈಚೆಗೆ ತಿರುಗಿದರು. ಮೊದಲು ನನ್ನ ಮುಖ ನೋಡಿದರು, ಆಮೇಲೆ ಹಾಸಿಗೆ ನೋಡಿದರು. ಹಾಸಿಗೆಯನ್ನೇ ಹೆಚ್ಚು ಹೊತ್ತು ನೋಡಿದರು. ಇದನ್ನು ಹೊಲಿದದ್ದೋ ನಾಯಿ ಕಚ್ಚಿದ್ದೋ ಎಂದರು. ಆ ಬೈಗುಳ ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ತಲೆಯ ಕಡೆ ಎತ್ತರಿಸು, ದಬ್ಬಳ ಕೊಡು ಎಂದರು. ಹಿಡಿಕೆ ತಿರುಗಿಸಿ ಕೂರಿಸಿದೆ. ಕಾಲನ್ನು ಅವರೇ ಮೆಲ್ಲಗೆ ಜಾರಿಸಿ ನೆಲಕ್ಕಿಟ್ಟು ಮಂಚದ ಅಂಚಿಗೆ ಬಂದು ಕೂತರು.

ಆ ಕೋಣೆಯಲ್ಲಿ ಮಂಚವೇ ಮುಕ್ಕಾಲು ಜಾಗ ತಿಂದಿತ್ತು. ಹಾಸಿಗೆಯನ್ನು ಉದ್ದಕ್ಕೆ ಎತ್ತಿ ನಿಲ್ಲಿಸಿ, ಮೇಲುಗಡೆ ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟದೆ ಬೇರೆ ದಾರಿಯಿರಲಿಲ್ಲ. ಆಳೆತ್ತರದ ಹಾಸಿಗೆ. ಅದರ ಆಚೆ ಮಾವ, ಈಚೆ ಬಾಗಿಲ ಬಳಿ ನಾನು. ಒಬ್ಬರ ಮುಖ ಒಬ್ಬರಿಗೆ ಕಾಣದು. ಕೆಳಗಿನ ಸಾಲಿನಿಂದ ಶುರು ಮಾಡೋಣ ಎಂದರು ಮಾವ. ಅವರ ಕಡೆಯಿಂದ ದಬ್ಬಳದ ಮೂತಿ ಇಣುಕಿದರೆ ನಾನು ಎಳೆದುಕೊಂಡು, ಗುಂಡಿ ಪೋಣಿಸಿ, ಪಕ್ಕದಲ್ಲೇ ಮತ್ತೆ ಆ ಕಡೆಗೆ ತೂರಿಸಬೇಕು. ಅವರು ಎಳೆ ಎಂದಾಗ ಎಳೆಯಬೇಕು, ಸಾಕು ಎಂದಾಗ ನಿಲ್ಲಿಸಬೇಕು. ಈ ಕೆಲಸಕ್ಕೆ ಎರಡೂ ಕಡೆ ಕೈ ಇರಲೇಬೇಕಮ್ಮ, ನಿಮ್ಮತ್ತೆ ಇದ್ದಾಗ ಆಚೆ ಕಡೆ ಅವಳೇ ಕೂರುತ್ತಿದ್ದಳು ಎಂದರು. ಅತ್ತೆ ಹೋದ ಮೇಲೆ ಇಷ್ಟು ವರ್ಷ ಒಬ್ಬರೇ ಆ ಕಡೆಗೂ ಈ ಕಡೆಗೂ ಓಡಾಡಿಕೊಂಡು ಹೊಲಿಯುತ್ತಿದ್ದುದು ಯಾಕೆಂದು ನನಗೆ ಆಗ ಹೊಳೆಯಿತು. ದಬ್ಬಳ ಇಣುಕಿತು, ಎಳೆದುಕೊಂಡೆ.

ಕೂತಲ್ಲಿಂದ ಅವರಿಗೆ ಹಾಸಿಗೆಯ ಕೆಳಗಿನ ಅರ್ಧ ಮಾತ್ರ ಎಟುಕುತ್ತಿತ್ತು. ಅಷ್ಟು ಮುಗಿದ ಮೇಲೆ ಹಗ್ಗ ಬಿಚ್ಚಿ ಹಾಸಿಗೆಯನ್ನು ತಲೆಕೆಳಗು ಮಾಡಿ ಕಟ್ಟುವುದೆಂದು ಮೊದಲೇ ಮಾತಾಗಿತ್ತು. "ನಿಲ್ಲಿ ಮಾವ, ತಿರುಗಿಸಿ ಕಟ್ತೀನಿ" ಎಂದೆ. ಆಚೆ ಮಂಚ ಕಿರ್ರೆಂದಿತು. ದಣಿದು ಒರಗಿರಬೇಕು ಅಂದುಕೊಂಡು ಕೈಯ ಗುಂಡಿಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ತಲೆಯೆತ್ತಿ ನೋಡಿದರೆ, ನನ್ನ ಹಣೆಯ ನೇರಕ್ಕೆ ದಬ್ಬಳದ ಮೂತಿ ಇಣುಕುತ್ತಿತ್ತು.

ಕೂತ ಮನುಷ್ಯ ಅಷ್ಟು ಎತ್ತರಕ್ಕೆ ದಬ್ಬಳ ತೂರಿಸಲಾರ. ಕೂಗಿದರೆ ಬೆಚ್ಚುತ್ತಾರೆ, ಓಡಿಹೋದರೆ ಕೂತುಬಿಡುತ್ತಾರೆ. ಏನೂ ಆಗದವಳ ಹಾಗೆ ದಬ್ಬಳ ಎಳೆದುಕೊಂಡು, ಗುಂಡಿ ಪೋಣಿಸಿ ಮರಳಿಸಿದೆ. ಮುಂದಿನ ಸಾಲು ನನ್ನ ನೆತ್ತಿಗಿಂತ ಮೇಲೆ ಬಂತು. ನಾನು ತುದಿಗಾಲಲ್ಲಿ ನಿಂತೆ.

"ಅಮ್ಮಾ" ಎಂದರು ಮಾವ ಆ ಕಡೆಯಿಂದ. "ನಿನ್ನಿಂದ ಒಂದು ಉಪಕಾರ ಆಗಬೇಕು."

"ಹೇಳಿ ಮಾವ."

"ಇನ್ನು ಮೇಲೆ ಅಂಗಡಿಲಿ ಈ ಕೆಲಸಕ್ಕೆ ಆಚೆ ಕಡೆ ನೀನೇ ಇರಬೇಕು. ನನ್ನೊಬ್ಬನ ಕೈಲಿ ಆಗಲ್ಲ."

ಮಧ್ಯೆ ಹಾಸಿಗೆ ಇದ್ದದ್ದು ಒಳ್ಳೆಯದಾಯಿತು. ಆಗ ನನ್ನ ಮುಖ ಯಾರೂ ನೋಡುವಂತಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಸಂಬಳ ಎಷ್ಟು ಕೊಡ್ತೀರಿ ಎಂದು ಕೇಳಿದೆ. ಮೊದಲು ಹುರಿ ಸರಿಯಾಗಿ ಎಳೆಯುವುದು ಕಲಿ ಎಂದರು.

ಸಂಜೆ ಸೋದರರು ಹಾಸಿಗೆ ಒಯ್ಯಲು ಬಂದರು. ನಾಲ್ಕು ಮೂಲೆ ಹಿಡಿದು ಮೆಟ್ಟಿಲಿಳಿಸಿ ಅಂಗಡಿಯ ಬಾಗಿಲು ದಾಟಿಸುವಷ್ಟರಲ್ಲಿ, ಮೇಲಿನಿಂದ, ಬರಿಗೈಯಲ್ಲಿ ಬರಬೇಡಿ ಎನ್ನುವ ದನಿ ಕೇಳಿಸಿತು. ಮೆಟ್ಟಿಲ ತಲೆಯಲ್ಲಿ ಮಾವ ವಾಕರ್ ಹಿಡಿದು ನಿಂತಿದ್ದರು, ಟವೆಲು ಈಗ ಹೆಗಲ ಮೇಲಿತ್ತು. ಬೇಕರಿ ಅಣ್ಣ ಕಣ್ಣು ಬಾಯಿ ಬಿಟ್ಟುಕೊಂಡು ನೋಡುತ್ತ ತಮ್ಮ ಮೂಲೆಯನ್ನು ಕೈಬಿಟ್ಟರು. ಅದು ನೆಲಕ್ಕೆ ತಾಗುವ ಮೊದಲು ನಾನು ಹಿಡಿದುಕೊಂಡು ವ್ಯಾನಿನವರೆಗೆ, ಅಲ್ಲಿಂದ ಅಜ್ಜಿಯ ಮನೆಯವರೆಗೆ ಹೋದೆ. ಸಂಘದಲ್ಲಿ ಹೆಂಗಸರಿಗೆ ಜಾಗವಿಲ್ಲ ಎನ್ನುವುದು ಆಗ ಯಾರಿಗೂ ನೆನಪಾಗಲಿಲ್ಲ. ಈಗಲೂ ಯಾರೂ ನೆನಪು ಮಾಡಿಲ್ಲ, ನಾನಾಗಿ ನೆನಪಿಸುವ ಗೋಜಿಗೂ ಹೋಗಿಲ್ಲ.